ವಜ್ಜಿ ಇದ್ದದ್ದೆಲ್ಲ ಗಟ್ಟಿ ಅಲ್ಲ

"ಮಾಮಾ, ಒಮ್ಮೆ ಕೈಯಾಗ ಹಿಡದ್ ನೋಡು. ಎಷ್ಟ್ ವಜ್ಜಿ ಅದ!"

ದಸರಾ ರಜೆಗೆ ಊರಿಗೆ ಹೋಗಿದ್ದೆ. ಬೆಂಗಳೂರಿನಿಂದ ರಾತ್ರಿ ಹೊರಟ ಬಸ್ಸು ಬೆಳಿಗ್ಗೆ ಸಿಂಧನೂರಿನಲ್ಲಿ ಇಳಿಸಿತ್ತು. ಅಲ್ಲಿಂದ ಮಸ್ಕಿ ಕಡೆಯ ಬಸ್ಸು ಹಿಡಿದು ಮನೆ ಸೇರಿ, ಸ್ನಾನ ಮುಗಿಸಿ, ಕಟ್ಟೆ ಮೇಲೆ ಚಹಾ ಹಿಡಿದು ಕೂತಿದ್ದೆ ಅಷ್ಟೇ. ಅಕ್ಕನ ಮಗ ಲಿಂಗಸುಗೂರಿನಿಂದ ನನಗಿಂತ ಮೊದಲೇ ಬಂದಿದ್ದ. ಡಿಗ್ರಿ ಮೊದಲ ವರ್ಷ. ಬ್ಯಾಗಿನಿಂದ ಟವೆಲ್ಲಿನಲ್ಲಿ ಸುತ್ತಿದ್ದ ಏನೋ ಒಂದನ್ನು ತೆಗೆದು ನನ್ನ ತೊಡೆ ಮೇಲಿಟ್ಟ. ಬಿಚ್ಚಿದರೆ ಪಿಸ್ತೂಲು.

ಎದೆ ಧಸಕ್ ಅಂತು. ನಳಿಕೆಯ ಬಾಯಿ ನೋಡಿದೆ. ಒಳಗೆ ಆರು ಮಿಲಿಮೀಟರಿನ ಸಣ್ಣ ಹಿತ್ತಾಳೆ ಕೊಳವೆ. ಉಸಿರು ಬಿಟ್ಟೆ. ಏರ್‌ಸಾಫ್ಟ್.

ಗೊತ್ತಿಲ್ಲದವರಿಗೆ ಒಂದು ಮಾತು. ಏರ್‌ಸಾಫ್ಟ್ ಅಂದ್ರೆ ನಿಜವಾದ ಬಂದೂಕಿನ ತದ್ರೂಪ. ಗಾತ್ರ, ಬಣ್ಣ, ಗುಂಡಿ, ಕೀಲು ಎಲ್ಲ ಅಸಲಿಯ ಹಾಗೇ. ಹಾರೋದು ಮಾತ್ರ ಆರು ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು, ತೂಕ ಸಾಮಾನ್ಯವಾಗಿ 0.2 ಗ್ರಾಂ. ಗ್ಯಾಸ್ ಪಿಸ್ತೂಲಿನಲ್ಲಿ ಮ್ಯಾಗಜಿನ್ನಿನೊಳಗೇ ಗ್ಯಾಸ್ ಇರುತ್ತದೆ. ಕುದುರೆ ಎಳೆದಾಗ ಒಂದು ಸಣ್ಣ ಸುತ್ತಿಗೆ ವಾಲ್ವಿಗೆ ಬಡಿಯುತ್ತದೆ, ಗ್ಯಾಸ್ ನುಗ್ಗಿ ಗುಂಡನ್ನು ಮುಂದಕ್ಕೆ ತಳ್ಳುತ್ತದೆ, ಉಳಿದ ಗ್ಯಾಸು ಪಿಸ್ತೂಲಿನ ಮೇಲ್ಭಾಗವನ್ನು, ಅಂದ್ರೆ ಸ್ಲೈಡನ್ನು, ಹಿಂದಕ್ಕೆ ಒದೆಯುತ್ತದೆ. ಈ ಒದೆತಕ್ಕಾಗಿಯೇ ಜನ ದುಡ್ಡು ಕೊಡೋದು. ಗುರಿಗಲ್ಲ, ಗುಂಡಿಗಲ್ಲ. ಕೈಗೆ ಸಿಗುವ ಆ "ಖಟಕ್"ಗೆ.

"ಇದನ್ನ ಬಸ್ಸಿನ್ಯಾಗ ತಂದೇನು?" ಕೇಳಿದೆ.

"ಹೂಂ. ಬ್ಯಾಗಿನ್ಯಾಗಿತ್ತಲ್ಲ."

ಮೊಬೈಲ್ ಅಂಗಡಿಯಲ್ಲಿ ಬೇಸಿಗೆಯೆಲ್ಲ ಕೆಲಸ ಮಾಡಿ ಕೂಡಿಸಿದ್ದ ದುಡ್ಡು. ಗೆಳೆಯನ ಗೆಳೆಯ ಯಾರೋ ಬೆಂಗಳೂರಿನವನು ಸೆಕೆಂಡ್ ಹ್ಯಾಂಡ್ ಮಾರಿದ್ದ. "ಫುಲ್ ಮೆಟಲ್ ಬ್ರೋ" ಅಂದಿದ್ದನಂತೆ. ಮೂರು ವಾರ ಹೊಡೆದದ್ದೇ ಹೊಡೆದದ್ದು. ಆಮೇಲೆ ಗ್ಯಾಸ್ ಕ್ಯಾಪ್ಸೂಲ್ ಹಾಕಿದರೆ ಸುಸ್ಸ್ ಅಂತ ಮ್ಯಾಗಜಿನ್ನಿನಿಂದ ಸೋರಿಹೋಗುತ್ತಿತ್ತು.

"ನೀ ಇಂಜಿನಿಯರ್ ಅದಿ. ರಿಪೇರಿ ಮಾಡಿಕೊಡು."

ಇಡೀ ಊರಿಗೆ ನಾನು ಇಂಜಿನಿಯರು. ಮಿಕ್ಸರ್ ಕೆಟ್ಟರೂ ನಾನೇ, ಮೋಟರ್ ಸುಟ್ಟರೂ ನಾನೇ. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್ ಅಂತ ಹದಿನೈದು ವರ್ಷದಿಂದ ಹೇಳಿಕೊಂಡೇ ಬಂದಿದ್ದೀನಿ, ಯಾರೂ ಲೆಕ್ಕಕ್ಕಿಟ್ಟಿಲ್ಲ. ಆದರೆ ಈ ಸಲ ಅವನು ಸರಿಯಾದ ಮನುಷ್ಯನ ಹತ್ತಿರವೇ ಬಂದಿದ್ದ. ಆ ಪಿಸ್ತೂಲಿನ ಹೊಟ್ಟೆಯೊಳಗೆ ಏನಿರುತ್ತದೆ ಅಂತ ನನಗೆ ಗೊತ್ತಿತ್ತು.

ಕಂಪನಿಯವರು ಒಂದು ವರ್ಷ ನನ್ನನ್ನು ಜಪಾನಿಗೆ ಕಳಿಸಿದ್ದರು, ಯೊಕೊಹಾಮಾಕ್ಕೆ. ಅಲ್ಲಿ ನನ್ನ ಪಕ್ಕದ ಸೀಟಿನ ಸಹೋದ್ಯೋಗಿಗೆ ಏರ್‌ಸಾಫ್ಟ್ ಹುಚ್ಚು. ಭಾನುವಾರ ಬಂದರೆ ಚಿಬಾ ಕಡೆಯ ಮೈದಾನಗಳಿಗೆ ಹೋಗೋದು. ಒಂಟಿಯಾಗಿ ರೂಮಿನಲ್ಲಿ ಕೂತು ಏನು ಮಾಡಲಿ ಅಂತ ನಾನೂ ಹೋಗತೊಡಗಿದೆ. ಆಟಕ್ಕಿಂತ ನನಗೆ ಹಿಡಿಸಿದ್ದು ಅವನು ಶನಿವಾರ ರಾತ್ರಿ ಪೇಪರ್ ಹಾಸಿಕೊಂಡು ಪಿಸ್ತೂಲು ಬಿಚ್ಚಿ, ಒರೆಸಿ, ಒಂದೊಂದು ರಬ್ಬರ್ ರಿಂಗಿಗೂ ಸಿಲಿಕೋನ್ ಎಣ್ಣೆ ಸವರುವ ಕೆಲಸ. ನಮ್ಮಪ್ಪ ಮಳೆಗಾಲಕ್ಕೆ ಮುಂಚೆ ಕೂರಿಗೆ ಬಿಚ್ಚಿ ಕೂರುತ್ತಿದ್ದ ಹಾಗೇ.

ಮೊದಲ ದಿನ ಅವನ ಪಿಸ್ತೂಲು ಕೈಗೆ ತಗೊಂಡು ನಾನು ನಕ್ಕುಬಿಟ್ಟಿದ್ದೆ. ಸ್ಲೈಡು ಪ್ಲಾಸ್ಟಿಕ್ಕು! ಇಷ್ಟು ದುಡ್ಡು ಕೊಟ್ಟು ಪ್ಲಾಸ್ಟಿಕ್ಕಾ?

ಅವನು ಸಮಾಧಾನವಾಗಿ ವಿವರಿಸಿದ. ಜಪಾನಿನಲ್ಲಿ ಲೋಹದ ಪಿಸ್ತೂಲು ಅಸಲಿಯಂತೆ ಕಾಣುವ ಹಾಗೆ ಮಾಡುವಂತಿಲ್ಲ. 1971ರಿಂದ ಲೋಹದ ಮಾದರಿ ಪಿಸ್ತೂಲಾದರೆ ನಳಿಕೆ ಮುಚ್ಚಿರಬೇಕು, ಬಣ್ಣ ಬಿಳಿ ಅಥವಾ ಹಳದಿ ಇರಬೇಕು. ಹಾಗಾಗಿ ಅಲ್ಲಿಯ ಕಂಪನಿಗಳು ಎಬಿಎಸ್ ಪ್ಲಾಸ್ಟಿಕ್ಕಿನಲ್ಲೇ ಮಾಡೋದು ಕಲಿತವು. ಗುಂಡಿನ ಶಕ್ತಿ ಒಂದು ಜೌಲ್‌ಗಿಂತ ಕಡಿಮೆ ಇರಬೇಕು ಅಂತಲೂ ಕಾನೂನಿದೆ. ಒಂದು ಜೌಲ್ ಅಂದ್ರೆ ಕಡಿಮೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ: 0.2 ಗ್ರಾಂ ಗುಂಡು ಒಂದು ಜೌಲ್‌ನಲ್ಲಿ ಸೆಕೆಂಡಿಗೆ 100 ಮೀಟರ್ ಓಡುತ್ತದೆ. ಗಂಟೆಗೆ 360 ಕಿಲೋಮೀಟರ್. ಬಟ್ಟೆಗೆ ಬಡಿದರೆ ಚುರುಕ್ ಅನ್ನುತ್ತದೆ, ಕಣ್ಣಿಗೆ ಬಡಿದರೆ ಕಣ್ಣೇ ಹೋಗುತ್ತದೆ. ಅದಕ್ಕೇ ಮೈದಾನದಲ್ಲಿ ಕಾಲಿಡುವ ಮೊದಲು ಪ್ರತಿಯೊಬ್ಬರ ಬಂದೂಕಿನ ವೇಗ ಅಳೆಯುತ್ತಾರೆ, ಕನ್ನಡಕ ತೆಗೆದವನನ್ನು ಮುಲಾಜಿಲ್ಲದೆ ಹೊರಗೆ ಕಳಿಸುತ್ತಾರೆ.

ಪ್ಲಾಸ್ಟಿಕ್ ಸ್ಲೈಡು ಹಗುರ. ಹಗುರ ಇರೋದಕ್ಕೆ ಕಡಿಮೆ ಒತ್ತಡದ ಗ್ಯಾಸ್ ಸಾಕು. ಅಲ್ಲಿ ಬಳಸುವ 134ಎ ಅನ್ನುವ ಗ್ಯಾಸ್, ಅಂದ್ರೆ ಹಳೆಯ ಕಾರುಗಳ ಎಸಿಯಲ್ಲಿ ತುಂಬುತ್ತಿದ್ದದ್ದೇ, 20 ಡಿಗ್ರಿಯಲ್ಲಿ ಆರು ಬಾರ್ ಕೂಡ ಮುಟ್ಟುವುದಿಲ್ಲ. ಒತ್ತಡ ಕಡಿಮೆ, ಒದೆತ ಕಡಿಮೆ, ಸವಕಳಿ ಕಡಿಮೆ. ಅವನ ಪಿಸ್ತೂಲು ಹತ್ತು ವರ್ಷ ಹಳೆಯದು. ಬದಲಾಗಿದ್ದು ಕೆಲವು ರಬ್ಬರು, ಒಂದೆರಡು ಸ್ಪ್ರಿಂಗು. ಅವನ ಮನೆಯಲ್ಲಿ ಹೊರಗಿನಿಂದ ತರಿಸಿದ ಒಂದು ಲೋಹದ ಸ್ಲೈಡೂ ಇತ್ತು. ಅದು ಶೋಕೇಸಿನಲ್ಲಿ. "ಅದು ನೋಡೋಕೆ, ಇದು ಆಡೋಕೆ" ಅಂದಿದ್ದ.

ಊರಿನ ಕಟ್ಟೆ ಮೇಲೆ ಅಳಿಯನ ಪಿಸ್ತೂಲು ಬಿಚ್ಚಿದಾಗ ನೆನಪಾಗಿದ್ದು ಆ ಮಾತು.

ಇದು ಅದಕ್ಕೆ ತದ್ವಿರುದ್ಧ. ಸ್ಲೈಡು, ಚೌಕಟ್ಟು, ಸುತ್ತಿಗೆ ಎಲ್ಲ ಲೋಹ. ಯಾವ ಲೋಹ? ಅಳಿಯನಿಗೆ ಇದು ಉಕ್ಕು ಅಂತ ನಂಬಿಕೆ. ಉಕ್ಕಲ್ಲ. ಸತುವಿನ ಮಿಶ್ರಲೋಹ. ಸತುವಿಗೆ ಸುಮಾರು ನೂರಕ್ಕೆ ನಾಲ್ಕು ಪಾಲು ಅಲ್ಯೂಮಿನಿಯಂ, ಚೂರು ತಾಮ್ರ, ಚೂರು ಮೆಗ್ನೀಷಿಯಂ ಸೇರಿಸಿ ಎರಕ ಹೊಯ್ಯುತ್ತಾರೆ. 400 ಡಿಗ್ರಿ ಮುಟ್ಟುವ ಮೊದಲೇ ಕರಗುತ್ತದೆ, ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ, ಅಗ್ಗ. ನಿಮ್ಮ ಜಿಪ್ಪಿನ ಎಳೆ, ನಲ್ಲಿಯ ಹಿಡಿ, ಮಕ್ಕಳ ಆಟದ ಕಾರು, ಎಲ್ಲ ಇದೇ. ಕೆಟ್ಟ ಲೋಹ ಅಂತಲ್ಲ. ನಿಂತಲ್ಲಿ ನಿಂತಿರೋ ಕೆಲಸಕ್ಕೆ ಒಳ್ಳೆಯದು. ದಿನಕ್ಕೆ ನೂರು ಸಲ ಹೊಡೆತ ತಿನ್ನೋ ಕೆಲಸಕ್ಕೆ ಅಲ್ಲ.

ಇದರ ದೊಡ್ಡ ಗುಣ ಅಂದ್ರೆ ವಜ್ಜಿ. ನಮ್ಮ ಕಡೆ ಭಾರಕ್ಕೆ ವಜ್ಜಿ ಅಂತೀವಿ. ಉಕ್ಕಿನ ಸಾಂದ್ರತೆ 7.8 ಆದರೆ ಇದರದ್ದು 6.6ರ ಆಸುಪಾಸು. ಅಲ್ಯೂಮಿನಿಯಂ ಬರೀ 2.7. ಹಾಗಾಗಿ ಸತು ಕೈಗೆ ಉಕ್ಕಿನ ಹಾಗೇ ಕೂರುತ್ತದೆ. ಮುಟ್ಟಿದರೆ ತಣ್ಣಗೆ, ಎತ್ತಿದರೆ ಭಾರ. ಕೈ ನಂಬಿಬಿಡುತ್ತದೆ.

ಅಳಿಯನನ್ನು ಬೈಯೋದು ಸುಲಭ. ಆದರೆ ನಮ್ಮ ಲಿಂಗಸುಗೂರು ತಾಲೂಕು ಅಂದ್ರೆ ಹಟ್ಟಿ ಚಿನ್ನದ ಗಣಿ ಇರೋ ತಾಲೂಕು. ಕೈಯಲ್ಲಿ ತೂಗಿ ನೋಡಿ ಅಸಲಿ ನಕಲಿ ಹೇಳುವ ಹಿರಿಯರ ನಡುವೆ ಬೆಳೆದವರು ನಾವು. ಚಿನ್ನದಲ್ಲಿ ಭಾರ ಸುಳ್ಳು ಹೇಳೋದು ಅಪರೂಪ. ಕಂಚಿನ ಗಂಗಾಳದಲ್ಲೂ, ರಂಟೆಯ ಕಬ್ಬಿಣದಲ್ಲೂ ವಜ್ಜಿ ಇದ್ದರೆ ಬಾಳಿಕೆ ಅಂತಲೇ ಅರ್ಥ. ಆ ಬುದ್ಧಿಯನ್ನೇ ತಗೊಂಡು ನಾವು ಪೇಟೆಗೆ ಬರುತ್ತೀವಿ. ಫೋನು ಭಾರ ಇದ್ದರೆ ಪ್ರೀಮಿಯಂ, ಕಾರಿನ ಬಾಗಿಲು ಧಬ್ ಅಂದರೆ ಗಟ್ಟಿ. ಆ ಧಬ್ ಅನ್ನೋ ಸದ್ದನ್ನು ಹದ ಮಾಡೋದಕ್ಕೇ ಕಾರು ಕಂಪನಿಗಳಲ್ಲಿ ಇಂಜಿನಿಯರುಗಳಿದ್ದಾರೆ ಅನ್ನೋದು ನಮಗೆ ನೆನಪಾಗಲ್ಲ.

ಬಿಚ್ಚಿದ ಮೇಲೆ ನನಗೆ ಎರಡು ವಿಷಯ ಕಂಡವು.

ಒಂದು, ಸೋರಿಕೆಗೆ ಕಾರಣ. 12 ಗ್ರಾಂ ಇಂಗಾಲದ ಡೈಆಕ್ಸೈಡ್ ಕ್ಯಾಪ್ಸೂಲಿನ ಕತ್ತು ಕೂರುವ ಜಾಗದಲ್ಲಿ ಒಂದು ವಾಷರ್ ಇರುತ್ತದೆ. ಅದು ಹರಿದಿತ್ತು. ಇವನು ಚುಚ್ಚಿದ ಕ್ಯಾಪ್ಸೂಲನ್ನು ದಿನಗಟ್ಟಲೆ ಹಾಗೇ ಬಿಡುತ್ತಿದ್ದ, ಎಣ್ಣೆ ಹಾಕಿದ್ದೇ ಇಲ್ಲ. ಹತ್ತು ರೂಪಾಯಿಯ ಕೆಲಸ.

ಎರಡನೆಯದು ಸ್ಲೈಡಿನಲ್ಲಿ. ಗುಂಡಿನ ಖೋಲು ಹೊರಬೀಳುವ ಕಿಟಕಿ ಇರುತ್ತಲ್ಲ, ಅದರ ಮೂಲೆಯಲ್ಲಿ ಕೂದಲೆಳೆಯಷ್ಟು ತೆಳು ಬಿರುಕು. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಸ್ಲೈಡನ್ನು ಹಿಂದೆ ಹಿಡಿದು ನಿಲ್ಲಿಸುವ ಕೊಕ್ಕೆಯ ಗಾಡಿಯೂ ಸವೆದು ದುಂಡಗಾಗಿತ್ತು. ಸ್ಲೈಡನ್ನು ಮುಂದೆ ಹಿಡಿದಿಡೋದು ಅದರ ಮೂತಿಯಲ್ಲಿ ಕೂತಿರುವ ಸ್ಪ್ರಿಂಗ್. ಕಿಟಕಿಯ ಹತ್ತಿರ ಎರಡಾದರೆ ಮೂತಿ ಮುಂದಕ್ಕೆ, ಹಿಂದಿನ ತುಂಡಿಗೆ ತಡೆಯುವವರು ಯಾರೂ ಇಲ್ಲ. ಅದು ಬರೋದು ನೇರ ಹಿಂದಕ್ಕೆ. ಗುರಿ ಹಿಡಿದವನ ಮುಖಕ್ಕೆ.

ಇದು ನನ್ನ ಊಹೆ ಅಲ್ಲ. ಅಸಲಿ ಪಿಸ್ತೂಲಿನಲ್ಲೇ ಆಗಿರೋ ಕಥೆ. 1985ರಲ್ಲಿ ಅಮೆರಿಕದ ಸೈನ್ಯ ಬೆರೆಟ್ಟಾ ಪಿಸ್ತೂಲನ್ನು ಆರಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಕೆಲವು ಪಿಸ್ತೂಲುಗಳ ಸ್ಲೈಡು ಎರಡಾಗಿ ಹಿಂದಿನ ತುಂಡು ಹೊಡೆದವರ ಮುಖಕ್ಕೇ ಬಡಿಯಿತು. ತನಿಖೆ ನಡೆಯಿತು. ಕೊನೆಗೆ ಸುತ್ತಿಗೆಯ ಪಿನ್ನಿನ ತಲೆಯನ್ನು ದೊಡ್ಡದು ಮಾಡಿದರು. ಸ್ಲೈಡು ಒಡೆದರೂ ಆ ತಲೆಗೆ ಸಿಕ್ಕಿಕೊಂಡು ಅಲ್ಲೇ ನಿಲ್ಲಲಿ ಅಂತ. 92ಎಫ್‌ಎಸ್ ಅನ್ನೋ ಹೆಸರಿನ ಮಾದರಿಯಲ್ಲಿ ಆ ಬದಲಾವಣೆ ಇದೆ. ಉಕ್ಕಿಗೆ ಆದ ಗತಿ ಅದು. ಅಲ್ಲಿ ತನಿಖೆ ಮಾಡೋಕೆ ಸರ್ಕಾರ ಇತ್ತು. ಲೈನ್‌ಮೇಲೆ ಸೆಕೆಂಡ್ ಹ್ಯಾಂಡ್ ತಗೊಂಡ ಸತುವಿನ ತದ್ರೂಪಕ್ಕೆ ಯಾರು ತನಿಖೆ ಮಾಡ್ತಾರೆ?

ಇಷ್ಟೆಲ್ಲ ನನಗೆ ಗೊತ್ತಿತ್ತು. ಅವನಿಗೆ ಹೇಳಿದ್ದು ಮಾತ್ರ ಬೇರೆ.

ಯಾಕಂದ್ರೆ ಬಿರುಕಿಗಿಂತ ಹೆಚ್ಚು ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಆ ಬಸ್ಸು. ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ರಸ್ತೆಯ ಮೇಲಿವೆ. ಸಂತೆ ದಿನ ಆ ಬಸ್ಸಿನಲ್ಲಿ ಕಾಲಿಡೋಕೆ ಜಾಗ ಇರಲ್ಲ. ಬ್ಯಾಗು ಬಿದ್ದು ಟವೆಲ್ ಬಿಚ್ಚಿಕೊಂಡರೆ? ಕಂಡಕ್ಟರ್ ನೋಡಿ ಕೂಗಿದರೆ? ಬಸ್ ನಿಲ್ದಾಣದ ಪೊಲೀಸರಿಗೆ ಹತ್ತು ಹೆಜ್ಜೆ ದೂರದಿಂದ ಆರು ಮಿಲಿಮೀಟರಿನ ಹಿತ್ತಾಳೆ ಕೊಳವೆ ಕಾಣುತ್ತದೆಯೇ? ಅವನು ಆಗಲೇ ಕಪ್ಪು ಕನ್ನಡಕ ಹಾಕಿಕೊಂಡು, ಮಸ್ಕಿಯ ಬೆಟ್ಟದ ಬಂಡೆ ಮೇಲೆ ನಿಂತು, ಸಿನಿಮಾ ಡೈಲಾಗಿಗೆ ಪಿಸ್ತೂಲು ಎತ್ತಿದ ರೀಲು ಹಾಕಿದ್ದ. ಎಷ್ಟು ಚೆನ್ನಾಗಿ ಮಾಡಿದ ನಕಲೋ ಅಷ್ಟು ಅಪಾಯ. ಆಟಿಕೆ ಅಂತ ನಿಮಗೆ ಮಾತ್ರ ಗೊತ್ತಿರುತ್ತದೆ.

ಹೀಗಂತ ಹೇಳಿದ್ದರೆ ವಾದ ಮಾಡುತ್ತಿದ್ದ. ಅಳುತ್ತಿದ್ದನೋ ಏನೋ. ಹಬ್ಬದ ದಿನ, ಅಕ್ಕ ಹೋಳಿಗೆ ಮಾಡ್ತಿದ್ದಾಳೆ, ರಗಳೆ ಯಾಕೆ ಅನ್ನಿಸಿತು. ವಾಷರನ್ನು ಬೆರಳ ನಡುವೆ ಹಿಡಿದು, "ಇಲ್ಲೋ, ವಾಲ್ವೇ ಹೋಗಿದೆ. ಸ್ಪೇರ್ ಸಿಗಲ್ಲ. ಇನ್ನು ಇದು ಶೋಕೇಸಿಗೇ" ಅಂದೆ.

ಅವನ ಮುಖ ಬಾಡಿತು. ನನ್ನನ್ನು ನಂಬಿದ. ಟವೆಲ್ಲಿನಲ್ಲಿ ಸುತ್ತಿ ಒಳಗಿಟ್ಟ.

ಅಪ್ಪ ಕಟ್ಟೆಯ ಆ ತುದಿಯಲ್ಲಿ ಕೂತು ತನ್ನ ಏರ್‌ಗನ್ನು ಒರೆಸುತ್ತಿದ್ದ. ನನ್ನ ಬೆರಳಲ್ಲಿದ್ದ ವಾಷರ್ ನೋಡಿದ, ನನ್ನ ಮುಖ ನೋಡಿದ. ಏನೂ ಅನ್ನಲಿಲ್ಲ.

ಅಪ್ಪನ ಏರ್‌ಗನ್ನಿನ ಬಗ್ಗೆ ಹೇಳಬೇಕು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಹಳೆಯದನ್ನೇ ಯಾರಿಂದಲೋ ಕೊಂಡದ್ದು. ನಳಿಕೆ ಮುರಿದು ಸ್ಪ್ರಿಂಗ್ ಒತ್ತುವ ಜಾತಿ, 4.5 ಮಿಲಿಮೀಟರ್. ಆ ಅಳತೆಯ, 20 ಜೌಲ್ ಮೀರದ ಏರ್‌ಗನ್ನಿಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡ. ನಮ್ಮದು ಎರೆ ಹೊಲ, ಹಿಂಗಾರಿಗೆ ಜೋಳ, ಸೂರ್ಯಕಾಂತಿ. ಸೂರ್ಯಕಾಂತಿ ಕಾಳು ಕಟ್ಟಿತು ಅಂದ್ರೆ ಗಿಳಿಗಳ ದಂಡು. ಅಪ್ಪ ಹಕ್ಕಿಗೆ ಹೊಡೆದದ್ದು ನಾನು ನೋಡಿಲ್ಲ. ಹೊಲದ ನಡುವೆ ಗೂಟಕ್ಕೆ ಖಾಲಿ ಡಾಲ್ಡಾ ಡಬ್ಬಿ ಕಟ್ಟಿ ಅದಕ್ಕೆ ಹೊಡೆಯುತ್ತಿದ್ದ. ಟಣ್ ಅಂತ ಸದ್ದಾಗುತ್ತಿತ್ತು, ಹಸಿರು ದಂಡು ಒಮ್ಮೆಲೇ ಏಳುತ್ತಿತ್ತು.

ಆ ಏರ್‌ಗನ್ ನೋಡೋಕೆ ದರಿದ್ರ. ಹಿಡಿಯ ಕಟ್ಟಿಗೆ ಸೀಳಿದೆ, ತಂತಿ ಸುತ್ತಿದೆ. ಆದರೆ ಇವತ್ತಿಗೂ ಹೊಡೆಯುತ್ತದೆ. ಒಳಗೆ ಗಾಳಿ ಒತ್ತುವ ಪಿಸ್ಟನ್ನಿನ ತಲೆಗೆ ಇರೋದು ಚರ್ಮದ ವಾಷರ್. ಅದು ಒಣಗಿ ಸವೆದಾಗೆಲ್ಲ ಅಪ್ಪ ಮಸ್ಕಿ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವವರ ಕಡೆ ಹೋಗಿ, ಹಳೆಯದನ್ನು ತೋರಿಸಿ, ಅದೇ ಅಳತೆಗೆ ದಪ್ಪ ಚರ್ಮ ಕೊರೆಸಿಕೊಂಡು ಬರುತ್ತಿದ್ದ. ರಾತ್ರಿಯೆಲ್ಲ ಎಣ್ಣೆಯಲ್ಲಿ ನೆನೆಸಿ ಬೆಳಿಗ್ಗೆ ಕೂರಿಸೋದು. ಮೊದಲ ನಾಲ್ಕಾರು ಹೊಡೆತಕ್ಕೆ ನಳಿಕೆಯಿಂದ ಹೊಗೆ ಬರುತ್ತಿತ್ತು. ಒತ್ತಿದ ಗಾಳಿ ಕಾದು ಹೆಚ್ಚಿನ ಎಣ್ಣೆ ಒಳಗೇ ಉರಿಯುವುದು. ಆಮೇಲೆ ಹದಕ್ಕೆ ಬರುತ್ತಿತ್ತು. ಕಾಳು ಹಾಕದೆ ಬರೀ ಕುದುರೆ ಎಳೆದರೆ ಬೆನ್ನಿಗೆ ಬೀಳುತ್ತಿತ್ತು. ಎದುರು ಒತ್ತೋಕೆ ಏನೂ ಇಲ್ಲದಿದ್ದರೆ ಪಿಸ್ಟನ್ ಹೋಗಿ ಗೋಡೆಗೆ ಗುದ್ದುತ್ತದೆ, ಸ್ಪ್ರಿಂಗ್ ಹಾಳಾಗುತ್ತದೆ.

ಮೂವತ್ತು ವರ್ಷ ಬಾಳಿದ್ದು ಅದರ ಉಕ್ಕಿನಿಂದ ಮಾತ್ರ ಅಲ್ಲ. ಕೆಡೋ ಭಾಗ ಯಾವುದು ಅಂತ ಮನೆಯವರಿಗೆಲ್ಲ ಗೊತ್ತಿತ್ತು, ಆ ಭಾಗ ಮಸ್ಕಿಯಲ್ಲೇ ಸಿಗುತ್ತಿತ್ತು. ಕೆಟ್ಟಿದೆ ಅಂತ ಹೇಳೋಕೆ ಯಾರೂ ಹಿಂಜರಿಯುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಮೀಟಿಂಗಿನಲ್ಲಿದ್ದೆ. ಅಕ್ಕ ಫೋನ್ ಮಾಡಿದಳು. ಕಟ್ ಮಾಡಿದೆ. ಮತ್ತೆ ಮಾಡಿದಳು. ಮೂರನೇ ಸಲಕ್ಕೆ ಎತ್ತಿದೆ. ಬರೀ ಅಳು. ಹಿಂದಿನಿಂದ ಯಾರೋ ಫೋನ್ ಕಸಿದುಕೊಂಡು ಹೇಳಿದರು, ಸಿಂಧನೂರಿನ ಆಸ್ಪತ್ರೆಯಲ್ಲಿದ್ದೀವಿ, ಹುಡುಗನ ಕಣ್ಣಿಗೆ ಪೆಟ್ಟಾಗಿದೆ.

ಕಣ್ಣಿಗಲ್ಲ, ಕಣ್ಣಿನ ಕೆಳಗೆ ಅಂತ ಗೊತ್ತಾಗೋಕೆ ಇನ್ನೂ ಒಂದೂವರೆ ಗಂಟೆ ಬೇಕಾಯಿತು. ಆ ಒಂದೂವರೆ ಗಂಟೆ ಆಫೀಸಿನ ಮೆಟ್ಟಿಲ ಮೇಲೆ ಕೂತು ನಾನು ಏನೇನು ಹರಕೆ ಹೊತ್ತೆ ಅಂತ ಇಲ್ಲಿ ಬರೆಯಲ್ಲ. ಎಡಗೆನ್ನೆಯ ಎಲುಬಿನ ಮೇಲೆ ನಾಲ್ಕು ಹೊಲಿಗೆ. ಗಾಯಕ್ಕೂ ಕಣ್ಣಿಗೂ ಒಂದು ಬೆರಳು ಅಂತರ.

ಮರುದಿನ ಬೆಳಿಗ್ಗೆ ಊರಲ್ಲಿದ್ದೆ. ಆಗಿದ್ದು ಇಷ್ಟು. ಪರೀಕ್ಷೆ ಮುಗಿಸಿ ಬಂದವನು ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ್ದಾನೆ. ಗ್ಯಾಸ್ ಸೋರಿದರೆ ವಾಷರ್ ಬದಲಿಸಿ ಸಾಕು ಅಂತ ಅದರಲ್ಲಿತ್ತು. ಸಿಂಧನೂರಿನಲ್ಲಿ ಔಷಧಿ ಹೊಡೆಯುವ ಪಂಪಿನ ಸಾಮಾನು ಮಾರುವ ಅಂಗಡಿಗೆ ಹೋಗಿ ಅಳತೆ ನೋಡಿ ಒಂದು ರಬ್ಬರ್ ರಿಂಗು ತಂದು ಕೂರಿಸಿದ್ದಾನೆ. ಕೂತಿದೆ. ಸೋರಿಕೆ ನಿಂತಿದೆ. ಬಿರುಕಿನ ಸುದ್ದಿ ಅವನಿಗೆ ಯಾರು ಹೇಳಿದ್ದರು? ಮಧ್ಯಾಹ್ನ ಎರಡು ಗಂಟೆಗೆ, ಬಯಲಲ್ಲಿ ಬೈಕಿನ ಸೀಟಿನ ಮೇಲೆ ಅರ್ಧ ಗಂಟೆ ಪಿಸ್ತೂಲು ಇಟ್ಟು, ಗೆಳೆಯರು ಸೇರಿದ ಮೇಲೆ ಎತ್ತಿಕೊಂಡು ಹೊಡೆದಿದ್ದಾನೆ.

ಏಪ್ರಿಲ್ ಮಧ್ಯಾಹ್ನ ನಮ್ಮ ಕಡೆ 40 ಡಿಗ್ರಿ ದಾಟೋದು ಸುದ್ದಿಯೇ ಅಲ್ಲ. ಕ್ಯಾಪ್ಸೂಲಿನೊಳಗಿನ ಇಂಗಾಲದ ಡೈಆಕ್ಸೈಡ್ 20 ಡಿಗ್ರಿಯಲ್ಲಿ ಸುಮಾರು 57 ಬಾರ್ ಒತ್ತಡದಲ್ಲಿರುತ್ತದೆ. ಕಾರಿನ ಟೈರಿನಲ್ಲಿ ಎರಡು ಚಿಲ್ಲರೆ ಬಾರ್ ಇರುತ್ತದೆ, ಹೋಲಿಸಿಕೊಳ್ಳಿ. 31 ಡಿಗ್ರಿಗೆ ಅದು 73 ಬಾರ್ ದಾಟುತ್ತದೆ. ಅಲ್ಲಿಂದ ಮೇಲೆ ಅದು ದ್ರವವಾಗಿ ಉಳಿಯೋದೇ ಇಲ್ಲ. ಬಿಸಿ ಏರಿದಂತೆ ತುಂಬಿದ ಕ್ಯಾಪ್ಸೂಲಿನ ಒತ್ತಡ ಸರ್ರನೆ ಏರುತ್ತದೆ. ಬಿಸಿಲಿನಲ್ಲಿಟ್ಟ ಲೋಹದ ಪಿಸ್ತೂಲು ಹೊರಗಿನ ಗಾಳಿಗಿಂತಲೂ ಹೆಚ್ಚು ಕಾಯುತ್ತದೆ. ಮೊದಲ ಎರಡು ಸಲ ಕುದುರೆ ಎಳೆದಾಗ ಏನೂ ಹಾರಲಿಲ್ಲವಂತೆ. ಒತ್ತಡ ಹೆಚ್ಚಾದರೆ ಹಾಗಾಗುತ್ತದೆ, ಸುತ್ತಿಗೆಗೆ ವಾಲ್ವನ್ನು ತೆರೆಯೋಕೇ ಆಗಲ್ಲ. ಮೂರನೆಯದಕ್ಕೆ ತೆರೆಯಿತು. ಆರನೆಯದೋ ಏಳನೆಯದೋ ಹೊಡೆತಕ್ಕೆ ಸ್ಲೈಡು ಆ ಬಿರುಕಿನಲ್ಲೇ ಎರಡಾಯಿತು.

ತುಂಡುಗಳನ್ನು ಅಕ್ಕ ಸೆರಗಿನಲ್ಲಿ ಕಟ್ಟಿಟ್ಟಿದ್ದಳು. ಒಡೆದ ಅಂಚು ನೋಡಿದೆ. ಉಕ್ಕಿನ ಹಾಗೆ ಎಳೆದು ಹರಿದಿರಲಿಲ್ಲ. ಬೆಲ್ಲದ ಹೆಂಟೆ ಮುರಿದ ಹಾಗೆ, ಬೂದು ಬಣ್ಣದ ಕಾಳುಕಾಳು. ನಡುವೆ ಎರಕದಲ್ಲಿ ಗಾಳಿ ಸಿಕ್ಕಿಕೊಂಡ ಸೂಜಿಮೊನೆಯ ತೂತುಗಳು. ಹೊರಗೆ ಎಂಥ ಹೊಳಪಿನ ಕಪ್ಪು ಬಣ್ಣ ಅಂತೀರಿ.

ಅಳಿಯ ಮಂಚದ ಮೇಲೆ ಕೂತಿದ್ದ. ಕೆನ್ನೆಗೆ ಬ್ಯಾಂಡೇಜು. ನಾನು ಬುದ್ಧಿ ಹೇಳೋಕೆ ಬಾಯಿ ತೆರೆದೆ. ಅವನೇ ಮೊದಲು ಕೇಳಿದ.

"ವಾಷರ್ ಹೋಗಿತ್ತು. ವಾಲ್ವ್ ಅಲ್ಲ. ನಿಂಗ ಗೊತ್ತಿತ್ತಲ್ಲ ಮಾಮಾ?"

ಗೊತ್ತಿತ್ತು ಅಂದೆ.

"ಇದು ಒಡಿತದ ಅಂತ?"

ಅದಕ್ಕೆ ಉತ್ತರ ಕೊಡೋಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಬಿರುಕು ನೋಡಿದ್ದೆ ಅಂದೆ.

ಅವನು ಬೈಯಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ. ಆಮೇಲೆ ಎರಡು ತಿಂಗಳು ನನಗೆ ಒಂದು ಮೆಸೇಜೂ ಇಲ್ಲ. ಮೊದಲೆಲ್ಲ ಯಾವ ಲ್ಯಾಪ್‌ಟಾಪ್ ತಗೊಳ್ಳಲಿ, ಯಾವ ಕೋರ್ಸ್ ಮಾಡಲಿ ಅಂತ ದಿನಕ್ಕೆ ನಾಲ್ಕು ಸಲ ತಲೆ ತಿನ್ನುತ್ತಿದ್ದ ಹುಡುಗ.

ಹೊರಗೆ ಕಟ್ಟೆ ಮೇಲೆ ಅಪ್ಪ ಹೇಳಿದ, "ವಾಷರ್ ಹೋದ್ರ ವಾಷರ್ ಹೋಗ್ಯದ ಅನ್ನಬೇಕು. ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ ಅನ್ನಬೇಕು. ಎರಡೂ ಕೂಡಿಸಿ ಹೇಳಿದಿ ನೀ."

ಆಫೀಸಿನಲ್ಲಿ ನಾವು ದಿನಾ ಮಾಡೋದು ಇದನ್ನೇ. ಕ್ಲೈಂಟಿಗೆ ನಿಜವಾದ ಕಾರಣ ಹೇಳಿದರೆ ಮೀಟಿಂಗ್ ಉದ್ದ ಆಗುತ್ತದೆ ಅಂತ ಟೆಕ್ನಿಕಲ್ ಪದವೊಂದನ್ನು ಮುಂದಿಡೋದು. ಕೇಳುವವನಿಗೆ ಗೊತ್ತಾಗಲ್ಲ ಅನ್ನೋ ಧೈರ್ಯ. ಆ ಅಭ್ಯಾಸ ನನ್ನ ಜೊತೆ ಬಸ್ಸು ಹತ್ತಿ ಊರಿಗೂ ಬಂದಿತ್ತು.

ಈಗ ಬೆಂಗಳೂರಿನಲ್ಲಿ ಗೋಡೆಗೆ ತದ್ರೂಪ ಪಿಸ್ತೂಲು ನೇತುಹಾಕಿದ ಗೆಳೆಯರ ಮನೆಗೆ ಹೋದರೆ ನಾನು ಸುಮ್ಮನಿರಲ್ಲ. ಬೋರು ಹೊಡಿಸ್ತೀನಿ ಅಂತ ಗೊತ್ತು. ತಗೊಳ್ಳೋದೇ ಆದರೆ ಭಾರ ನೋಡಬೇಡಿ ಅಂತೀನಿ. ರಬ್ಬರು, ನಾಜಲ್ಲು, ಸ್ಪ್ರಿಂಗು ಬಿಡಿಯಾಗಿ ಸಿಗುತ್ತಾ ಕೇಳಿ. ಸ್ಲೈಡಿನ ಕಿಟಕಿಯ ಮೂಲೆಗಳಿಗೆ ಟಾರ್ಚ್ ಹಿಡಿದು ನೋಡಿ, ಉಗುರು ಎಳೆದು ನೋಡಿ. ಕೊಕ್ಕೆಯ ಗಾಡಿ ಚೌಕವಾಗಿದೆಯೋ ದುಂಡಗಾಗಿದೆಯೋ ನೋಡಿ. ಸಿಲಿಕೋನ್ ಎಣ್ಣೆ ಮಾತ್ರ ಹಾಕಿ, ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆಯೋ ಇಂಜಿನ್ ಆಯಿಲ್ಲೋ ಬೇಡ. ಚುಚ್ಚಿದ ಕ್ಯಾಪ್ಸೂಲನ್ನು ಒಳಗೇ ಬಿಡಬೇಡಿ. ಔಷಧಿ ಪಂಪಿನ ಮಾಮೂಲಿ ರಬ್ಬರ್ ರಿಂಗು ಈ ಗ್ಯಾಸನ್ನು ಹೀರಿ ಉಬ್ಬಿಕೊಳ್ಳುತ್ತದೆ, ಅದನ್ನು ನಂಬಬೇಡಿ. ಬಿಸಿಲಲ್ಲಿ, ಕಾರಿನ ಡ್ಯಾಷ್‌ಬೋರ್ಡಿನ ಮೇಲೆ ಇಡಲೇಬೇಡಿ. ಕನ್ನಡಕ ಇಲ್ಲದೆ ಒಂದು ಗುಂಡೂ ಬೇಡ. ಮತ್ತೆ ಮನೆಯಿಂದ ಹೊರಗೆ, ಬ್ಯಾಗಿನಲ್ಲಾಗಲಿ ರೀಲಿನಲ್ಲಾಗಲಿ, ತರಬೇಡಿ. ಎದುರಿಗಿರುವವನ ಕಣ್ಣಿಗೆ ಅದು ಪಿಸ್ತೂಲೇ.

ಆಗಸ್ಟಿನಲ್ಲಿ ಶ್ರಾವಣಕ್ಕೆ ಊರಿಗೆ ಹೋದೆ. ಅಪ್ಪನ ಏರ್‌ಗನ್ನಿನ ಚರ್ಮದ ವಾಷರ್ ಮತ್ತೆ ಒಣಗಿತ್ತು. ಅಪ್ಪನಿಗೆ ಈಗ ಕೈ ನಡುಗುತ್ತದೆ. ಅಳಿಯನೂ ಬಂದಿದ್ದ, ನನ್ನಿಂದ ದೂರವೇ ಕೂತಿದ್ದ. ಅಪ್ಪ ಅವನನ್ನು ಕರೆದು ಮಸ್ಕಿಗೆ ಕಳಿಸಿದ, ಹಳೇ ವಾಷರ್ ಕೈಗೆ ಕೊಟ್ಟು. ತಂದ. ರಾತ್ರಿ ಎಣ್ಣೆಗೆ ಹಾಕಿದ. ಬೆಳಿಗ್ಗೆ ಸ್ಪ್ರಿಂಗ್ ಒತ್ತಿ ಹಿಡಿಯೋಕೆ ಇನ್ನೊಬ್ಬರು ಬೇಕಲ್ಲ, ನಾನು ಹೋಗಿ ಹಿಡಿದೆ. ಇಬ್ಬರೂ ಮಾತಾಡಲಿಲ್ಲ. ಕೂರಿಸಿ ಆದ ಮೇಲೆ ನನ್ನ ಬ್ಯಾಗಿನಿಂದ ಎರಡು ಜೊತೆ ಕನ್ನಡಕ ತೆಗೆದೆ. ಒಂದನ್ನು ಹಾಕಿಕೊಂಡ. ಡಬ್ಬಿಗೆ ಹೊಡೆದ. ಹೊಗೆ ಬಂತು. ಎರಡನೆಯದಕ್ಕೆ ಟಣ್ ಅಂತು. ಕೆನ್ನೆಯ ಮೇಲಿನ ಗೆರೆ ನಕ್ಕಾಗ ಸ್ವಲ್ಪ ಎಳೆಯುತ್ತದೆ, ಆಗ ಗಮನಿಸಿದೆ.

ಮೊನ್ನೆ ರಾತ್ರಿ ಮೆಸೇಜ್ ಬಂತು. ಸೆಕೆಂಡ್ ಹ್ಯಾಂಡ್ ಬೈಕೊಂದರ ಆರು ಫೋಟೋ. ಕೆಳಗೆ ಒಂದು ಸಾಲು: "ಮಾಮಾ, ಖರೇ ಹೇಳು. ಬ್ಯಾಡ ಅಂದ್ರ ಬ್ಯಾಡ ಅನ್ನು, ಸ್ಪೇರ್ ಸಿಗಲ್ಲ ಅನಬ್ಯಾಡ."

ಫೋಟೋ ದೊಡ್ಡದು ಮಾಡಿ ನೋಡಿದೆ. ಚಾಸಿಯ ಕತ್ತಿನ ಹತ್ತಿರ ವೆಲ್ಡಿಂಗ್ ಮಾಡಿ ಬಣ್ಣ ಹೊಡೆದ ಹಾಗಿತ್ತು. ಕೆಂಪು ಗೆರೆಯಲ್ಲಿ ಸುತ್ತು ಹಾಕಿ ವಾಪಸ್ ಕಳಿಸಿದೆ.